ಕ್ಲೀನ್ ಚಿಟ್ ಸಿಕ್ಕಿತೇ, ಇಲ್ಲವೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿದ ಪ್ರಕರಣದ ಬಗ್ಗೆ ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ಒಂದೇ ಒಂದು ವಾಕ್ಯ ಬರೆದಿದ್ದೆ: ಮುಲ್ಲರ್ ವರದಿಯು ಡೊನಾಲ್ಡ್ ಟ್ರಂಪ್ ಅವರನ್ನು ಅಪರಾಧಿ ಎನ್ನಲಿಲ್ಲ, ನಿರಪರಾಧಿ ಎಂದೂ ಹೇಳಲಿಲ್ಲ. ಆ ಒಂದು ವಾಕ್ಯಕ್ಕೆ ಬಂದ ಪತ್ರಗಳು ಬೇರೆ ವಿಷಯಗಳಿಗೆ ಜಾಗವನ್ನೇ ಉಳಿಸಿಲ್ಲ. ಬೈದವರೂ ಇದ್ದಾರೆ, ಹೊಗಳಿದವರೂ ಇದ್ದಾರೆ. ಇಬ್ಬರಿಗೂ ಸೇರಿಸಿ ಈ ಸಲದ ಪುಟಗಳನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಕದ್ರಿ ಉದ್ಯಾನಕ್ಕೆ ಬೆಳಗ್ಗೆ ನಡೆಯಲು ಬರುವ ನಮ್ಮ ಬಳಗದಲ್ಲಿ ಇಬ್ಬರು ಟ್ರಂಪ್ ಅವರ ಮಾತು ಬಂದಾಗಲೆಲ್ಲ ಸ್ವರ ಏರಿಸುತ್ತಾರೆ. ಒಬ್ಬರ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಇನ್ನೊಬ್ಬರ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ‘ರಷ್ಯಾದೊಂದಿಗೆ ಶಾಮೀಲಾಗಿ ಗೆದ್ದ ಮನುಷ್ಯ’ ಎಂದು ಒಬ್ಬರು. ‘ಎರಡು ವರ್ಷ ತಡಕಾಡಿದರೂ ಏನೂ ಸಿಕ್ಕಲಿಲ್ಲ, ಎಲ್ಲವೂ ಕಟ್ಟುಕಥೆ’ ಎಂದು ಇನ್ನೊಬ್ಬರು. ಇವರಲ್ಲಿ ಯಾರು ಹೇಳುವುದು ಸರಿ? (ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು)

ಇಬ್ಬರೂ ಒಂದೇ ವರದಿಯ ಬೇರೆ ಬೇರೆ ಪುಟಗಳನ್ನು ಓದಿದ್ದಾರೆ, ಅಥವಾ ಬೇರೆಯವರು ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಾರೆ ಎಂದು ತೋರುತ್ತದೆ. ತಕರಾರಿಲ್ಲದ ಸಂಗತಿಗಳನ್ನು ಮೊದಲು ನೋಡೋಣ. 2017ರ ಮೇ 9ರಂದು ಅಧ್ಯಕ್ಷ ಟ್ರಂಪ್ ಅವರು ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಅವರನ್ನು ಹುದ್ದೆಯಿಂದ ತೆಗೆದರು; ರಷ್ಯಾ ಕುರಿತ ತನಿಖೆಯನ್ನು ಆಗ ನಡೆಸುತ್ತಿದ್ದುದು ಅದೇ ಸಂಸ್ಥೆ. ಅಲ್ಲಿನ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಅವರು, ತಾವೂ ಟ್ರಂಪ್ ಅವರ ಪ್ರಚಾರದಲ್ಲಿ ಪಾಲ್ಗೊಂಡಿದ್ದ ಕಾರಣ, ಆ ವಿಷಯದಿಂದ ಮಾರ್ಚ್ ತಿಂಗಳಲ್ಲೇ ಹಿಂದೆ ಸರಿದಿದ್ದರು. ಆದ್ದರಿಂದ ಅವರ ಕೆಳಗಿನ ಅಧಿಕಾರಿ ರಾಡ್ ರೋಸೆನ್‌ಸ್ಟೈನ್ ಅವರು ಮೇ 17ರಂದು ರಾಬರ್ಟ್ ಮುಲ್ಲರ್ ಅವರನ್ನು ವಿಶೇಷ ತನಿಖಾಧಿಕಾರಿಯಾಗಿ ನೇಮಿಸಿದರು. ಮುಲ್ಲರ್ ಅವರು 2001ರಿಂದ 2013ರವರೆಗೆ ಎಫ್‌ಬಿಐಯನ್ನು ನಡೆಸಿದವರು, ರಿಪಬ್ಲಿಕನ್ ಪಕ್ಷದವರು. ಅವರನ್ನು ನೇಮಿಸಿದ ರೋಸೆನ್‌ಸ್ಟೈನ್ ಅವರಿಗೆ ಆ ಹುದ್ದೆ ಕೊಟ್ಟವರೂ ಟ್ರಂಪ್ ಅವರೇ. ವಿರೋಧ ಪಕ್ಷ ಹೂಡಿದ ತನಿಖೆ ಎಂಬ ಮಾತು ಕನಿಷ್ಠ ಈ ನೇಮಕದ ಮಟ್ಟಿಗೆ ನಿಲ್ಲುವುದಿಲ್ಲ.

ಇಪ್ಪತ್ತೆರಡು ತಿಂಗಳು ನಡೆದ ತನಿಖೆಯಲ್ಲಿ 2,800ಕ್ಕೂ ಹೆಚ್ಚು ಸಮನ್ಸ್ ಹೊರಟವು, ಸುಮಾರು 500 ಶೋಧನಾ ವಾರಂಟ್ ಜಾರಿಯಾದವು, ಸುಮಾರು 500 ಸಾಕ್ಷಿಗಳ ಹೇಳಿಕೆ ದಾಖಲಾಯಿತು. 34 ಮಂದಿಯ ಮೇಲೆ ಮತ್ತು ರಷ್ಯಾದ ಮೂರು ಕಂಪನಿಗಳ ಮೇಲೆ ದೋಷಾರೋಪಣೆಯಾಯಿತು. 448 ಪುಟಗಳ ವರದಿ, ಕೆಲವು ಸಾಲುಗಳಿಗೆ ಕಪ್ಪು ಬಳಿದುಕೊಂಡು, 2019ರ ಏಪ್ರಿಲ್ 18ರಂದು ಸಾರ್ವಜನಿಕರ ಕೈಗೆ ಬಂತು. ಅದರಲ್ಲಿ ಎರಡು ಸಂಪುಟಗಳಿವೆ, ಮತ್ತು ಎರಡೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತವೆ. ಗೊಂದಲದ ಮೂಲ ಇಲ್ಲಿದೆ.

ಮೊದಲ ಸಂಪುಟದ ಪ್ರಶ್ನೆ: ರಷ್ಯಾ ಹಸ್ತಕ್ಷೇಪ ಮಾಡಿತೇ, ಮಾಡಿದ್ದರೆ ಟ್ರಂಪ್ ಅವರ ತಂಡ ಅದರಲ್ಲಿ ಸೇರಿಕೊಂಡಿತ್ತೇ? ಹಸ್ತಕ್ಷೇಪದ ಬಗ್ಗೆ ವರದಿಗೆ ಸಂಶಯವೇ ಇಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್ನೆಟ್ ರಿಸರ್ಚ್ ಏಜೆನ್ಸಿ ಎಂಬ ಸಂಸ್ಥೆ ಅಮೆರಿಕನ್ನರಂತೆ ವೇಷ ಹಾಕಿದ ಸಾವಿರಾರು ಖಾತೆಗಳಿಂದ ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ನಡೆಸಿತು. ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯು ಡೆಮಾಕ್ರಟಿಕ್ ಪಕ್ಷದ ಕಂಪ್ಯೂಟರುಗಳಿಗೆ ನುಗ್ಗಿ, ಹಿಲರಿ ಕ್ಲಿಂಟನ್ ಅವರ ಪ್ರಚಾರ ಸಮಿತಿಯ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರ ಇಮೇಲ್‌ಗಳನ್ನೂ ಕದ್ದು, ಗುಪ್ತ ದಾಖಲೆಗಳನ್ನು ಪ್ರಕಟಿಸುವ ವಿಕಿಲೀಕ್ಸ್ ಜಾಲತಾಣದ ಮೂಲಕ ಹೊರಹಾಕಿಸಿತು. ಜಿಆರ್‌ಯುವಿನ 12 ಅಧಿಕಾರಿಗಳ ಮೇಲೆ 2018ರ ಜುಲೈ 13ರಂದು ಹೆಸರು ಹಿಡಿದು ದೋಷಾರೋಪ ಹೊರಿಸಲಾಗಿದೆ. ತಮ್ಮ ಎರಡನೆಯ ಗೆಳೆಯರು ‘ಏನೂ ಸಿಕ್ಕಲಿಲ್ಲ’ ಎನ್ನುವುದು ಇಲ್ಲಿ ತಪ್ಪುತ್ತದೆ.

ಮೊದಲ ಗೆಳೆಯರು ತಪ್ಪುವುದು ಇದರ ಮುಂದಿನ ಪುಟಗಳಲ್ಲಿ. ಟ್ರಂಪ್ ತಂಡದವರು ರಷ್ಯಾ ಸರ್ಕಾರದೊಂದಿಗೆ ಒಳಸಂಚು ಮಾಡಿದರು ಅಥವಾ ಹೊಂದಾಣಿಕೆಯಿಂದ ನಡೆದುಕೊಂಡರು ಎಂಬುದನ್ನು ತನಿಖೆ ಸಾಬೀತು ಮಾಡಲಿಲ್ಲ ಎಂದು ವರದಿ ಸ್ಪಷ್ಟವಾಗಿ ಹೇಳುತ್ತದೆ. ಸಂಪರ್ಕಗಳಿದ್ದವು ಎಂಬುದನ್ನು ಮುಚ್ಚಿಟ್ಟಿಲ್ಲ. ಹಿಲರಿ ಅವರಿಗೆ ತೊಂದರೆಯಾಗುವ ಮಾಹಿತಿ ಕೊಡುತ್ತೇವೆಂದು ರಷ್ಯಾ ಕಡೆಯಿಂದ ಮಾತು ಬಂದಾಗ 2016ರ ಜೂನ್ 9ರಂದು ಟ್ರಂಪ್ ಟವರ್‌ನಲ್ಲಿ ಸಭೆ ನಡೆಯಿತು. ಮಗ, ಅಳಿಯ, ಪ್ರಚಾರ ತಂಡದ ಮುಖ್ಯಸ್ಥ ಮೂವರೂ ಅಲ್ಲಿದ್ದರು. ಆದರೆ ಸಭೆಗೆ ಹೋಗುವುದು ಬೇರೆ, ಕಾನೂನಿನ ಅರ್ಥದಲ್ಲಿ ಒಳಸಂಚು ಬೇರೆ. ನಾವೆಲ್ಲ ಬಾಯಿ ತುಂಬ ಆಡುವ ‘ಶಾಮೀಲು’ ಎಂಬ ಶಬ್ದಕ್ಕೆ ಅಲ್ಲಿನ ಚುನಾವಣಾ ಅಪರಾಧಗಳ ಪಟ್ಟಿಯಲ್ಲಿ ಜಾಗವಿಲ್ಲ ಎಂಬುದನ್ನೂ ವರದಿ ಆರಂಭದಲ್ಲೇ ವಿವರಿಸಿದೆ.

ತಾವು ಬ್ಯಾಂಕಿನಲ್ಲಿದ್ದವರು, ಆದ್ದರಿಂದ ಹೀಗೆ ಹೇಳುತ್ತೇನೆ. ಸುಳ್ಳು ದಾಖಲೆ ಕೊಟ್ಟು ಯಾರೋ ದೊಡ್ಡ ಸಾಲ ಎತ್ತಿದ್ದಾರೆ, ಸಾಲ ಮುಳುಗಿದೆ. ಪರಿಶೀಲನೆಗೆ ಬಂದವರು, ಮೋಸ ನಡೆದದ್ದು ನಿಜ, ಮೋಸ ಮಾಡಿದವರು ಇಂಥವರು, ಶಾಖಾ ಮ್ಯಾನೇಜರರು ಅವರೊಂದಿಗೆ ಕಾಫಿ ಕುಡಿದದ್ದೂ ನಿಜ, ಆದರೆ ಕೈಜೋಡಿಸಿದ್ದರೆಂಬುದಕ್ಕೆ ಸಾಕಷ್ಟು ಆಧಾರ ದೊರೆತಿಲ್ಲ ಎಂದು ಬರೆದುಕೊಟ್ಟರೆ, ಅದನ್ನು ಓದಿ ‘ಮೋಸವೇ ನಡೆದಿಲ್ಲ’ ಎನ್ನುವವರೂ ‘ಮ್ಯಾನೇಜರನೇ ಕಳ್ಳ’ ಎನ್ನುವವರೂ ಬ್ಯಾಂಕಿನಲ್ಲೇ ಸಿಗುತ್ತಾರೆ. ಒಂದು ಸಂಗತಿ ಸಾಬೀತಾಗಲಿಲ್ಲ ಎಂದರೆ ಅದಕ್ಕೆ ಪುರಾವೆಯೇ ಇರಲಿಲ್ಲ ಎಂದು ಅರ್ಥವಲ್ಲ ಎಂಬ ವಿವರಣೆಯನ್ನು ಮುಲ್ಲರ್ ಅವರೇ ವರದಿಯ ಮೊದಲ ಪುಟಗಳಲ್ಲಿ ಬರೆದಿದ್ದಾರೆ. ಜೊತೆಗೆ ಇನ್ನೊಂದು ಮಾತು: ಸಾಬೀತಾಗದ ಆರೋಪವನ್ನು ಸಾಬೀತಾದಂತೆ ಹೇಳಿಕೊಂಡು ತಿರುಗುವ ಹಕ್ಕು ಈ ವಿವರಣೆಯಿಂದ ಯಾರಿಗೂ ದೊರೆಯುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ತನಿಖಾಧಿಕಾರಿಯು ಒಂದೋ ದೋಷಾರೋಪ ಪಟ್ಟಿ ಹಾಕಬೇಕು, ಇಲ್ಲವೇ ಬಿ ರಿಪೋರ್ಟ್ ಹಾಕಬೇಕು. ‘ಅಪರಾಧಿ ಎನ್ನುವುದಿಲ್ಲ, ನಿರಪರಾಧಿ ಎಂದೂ ಹೇಳುವುದಿಲ್ಲ’ ಎಂಬ ಮೂರನೆಯ ದಾರಿ ಯಾವುದು? ಇದು ಜವಾಬ್ದಾರಿಯಿಂದ ನುಣುಚಿಕೊಂಡಂತೆ ಅಲ್ಲವೇ? (ಕಾನೂನು ವಿದ್ಯಾರ್ಥಿನಿ, ಉಡುಪಿ)

ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ಇದು ಎರಡನೆಯ ಸಂಪುಟದ ವಿಷಯ. ಅಲ್ಲಿ ಪರಿಶೀಲಿಸಿದ್ದು ರಷ್ಯಾವನ್ನಲ್ಲ, ತನಿಖೆಗೆ ಅಡ್ಡಿಪಡಿಸಲು ಅಧ್ಯಕ್ಷರು ಯತ್ನಿಸಿದರೇ ಎಂಬುದನ್ನು. ಕೋಮಿ ಅವರನ್ನು ತೆಗೆದದ್ದು, ಮುಲ್ಲರ್ ಅವರನ್ನೇ ತೆಗೆಸುವಂತೆ ಶ್ವೇತಭವನದ ವಕೀಲ ಡಾನ್ ಮೆಕ್‌ಗಾನ್ ಅವರಿಗೆ ಸೂಚಿಸಿದ್ದು, ಮೆಕ್‌ಗಾನ್ ಅವರು ಅದಕ್ಕೆ ಒಪ್ಪದೆ ರಾಜೀನಾಮೆಗೂ ಸಿದ್ಧರಾದದ್ದು, ಆ ಬಳಿಕ ಅಂಥ ಸೂಚನೆಯೇ ಬಂದಿರಲಿಲ್ಲವೆಂದು ಹೇಳುವಂತೆ ಅವರ ಮೇಲೆ ಒತ್ತಡ ಬಂದದ್ದು, ಹೀಗೆ ಹತ್ತು ಪ್ರಸಂಗಗಳನ್ನು ವರದಿ ಒಂದೊಂದಾಗಿ ಬಿಡಿಸಿ ನೋಡುತ್ತದೆ.

ಬಿಡಿಸಿ ನೋಡಿದ ಬಳಿಕ ತೀರ್ಪು ಹೇಳದೆ ನಿಂತದ್ದಕ್ಕೆ ಮುಲ್ಲರ್ ಅವರು ಕೊಟ್ಟ ಕಾರಣ ಹೀಗಿದೆ. ಅಧಿಕಾರದಲ್ಲಿರುವ ಅಧ್ಯಕ್ಷರ ಮೇಲೆ ದೋಷಾರೋಪ ಹೊರಿಸಲಾಗದು ಎಂಬುದು ಅಮೆರಿಕದ ನ್ಯಾಯ ಇಲಾಖೆಯ ಅಭಿಪ್ರಾಯ; 1973ರಲ್ಲಿ, ನಿಕ್ಸನ್ ಅವರ ಕಾಲದಲ್ಲಿ, ಮೊದಲು ಬರೆದದ್ದು, 2000ದಲ್ಲಿ ಪುನಃ ದೃಢಪಡಿಸಿದ್ದು. ಮುಲ್ಲರ್ ಅವರು ಅದೇ ಇಲಾಖೆಯ ಅಧಿಕಾರಿ, ಆದ್ದರಿಂದ ಅದಕ್ಕೆ ಬದ್ಧರು. ದೋಷಾರೋಪ ಹೊರಿಸಿದರೆ ಆರೋಪಿಗೆ ನ್ಯಾಯಾಲಯದಲ್ಲಿ ತನ್ನನ್ನು ಸಮರ್ಥಿಸಿಕೊಳ್ಳಲು ಅವಕಾಶವಿರುತ್ತದೆ. ದೋಷಾರೋಪವಿಲ್ಲದೆ ‘ಈತ ಅಪರಾಧಿ’ ಎಂದು ವರದಿಯಲ್ಲಿ ಬರೆದುಬಿಟ್ಟರೆ ಆ ಕಳಂಕವನ್ನು ತೊಳೆದುಕೊಳ್ಳಲು ನ್ಯಾಯಾಲಯವೇ ಇರುವುದಿಲ್ಲ. ಹಾಗಾಗಿ ಅಪರಾಧಿ ಎಂದು ಬರೆಯುವ ಬಾಗಿಲು ಮುಚ್ಚಿತ್ತು. ನಿರಪರಾಧಿ ಎಂದು ಬರೆಯುವ ಬಾಗಿಲು ಮಾತ್ರ ತೆರೆದಿತ್ತು. ಅಧ್ಯಕ್ಷರು ಅಡ್ಡಿಪಡಿಸಿಲ್ಲವೆಂಬ ಖಚಿತ ವಿಶ್ವಾಸ ನಮಗಿದ್ದರೆ ಹಾಗೆಂದೇ ಹೇಳುತ್ತಿದ್ದೆವು, ಸಂಗತಿಗಳನ್ನು ನೋಡಿದ ಮೇಲೆ ಹಾಗೆ ಹೇಳಲು ಆಗುತ್ತಿಲ್ಲ ಎಂದು ಬರೆದು ಅವರು ಲೇಖನಿ ಕೆಳಗಿಟ್ಟರು.

ನುಣುಚಿಕೊಂಡರು ಎಂದು ರಿಪಬ್ಲಿಕನ್ನರೂ ಹೇಳಿದರು, ಡೆಮಾಕ್ರಟರೂ ಹೇಳಿದರು. ನನ್ನ ಅಭಿಪ್ರಾಯದಲ್ಲಿ ಅವರ ತರ್ಕ ಬಿಗಿಯಾಗಿದೆ, ಫಲಿತಾಂಶ ಮಾತ್ರ ಜನರಿಗೆ ಉಪಕಾರವಾಗುವಂಥದ್ದಲ್ಲ. ಬಿಟ್ಟ ಜಾಗವನ್ನು ಬೇರೆಯವರು ತುಂಬುತ್ತಾರೆ; ತುಂಬಿದರೂ ಕೂಡ. ವರದಿ ಸಲ್ಲಿಕೆಯಾದ ಎರಡೇ ದಿನಗಳಲ್ಲಿ, 2019ರ ಮಾರ್ಚ್ 24ರಂದು, ಹೊಸ ಅಟಾರ್ನಿ ಜನರಲ್ ವಿಲಿಯಂ ಬಾರ್ ಅವರು ನಾಲ್ಕು ಪುಟಗಳ ಪತ್ರ ಬರೆದು, ಅಡ್ಡಿಪಡಿಸಿದ ಅಪರಾಧಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲವೆಂದು ತಾವೇ ತೀರ್ಮಾನಿಸಿರುವುದಾಗಿ ಸಂಸತ್ತಿಗೆ ತಿಳಿಸಿದರು. ಆ ಪತ್ರವು ತಮ್ಮ ಕೆಲಸದ ಸಂದರ್ಭವನ್ನೂ ಸ್ವರೂಪವನ್ನೂ ಸಾರವನ್ನೂ ಪೂರ್ಣವಾಗಿ ಹಿಡಿದಿಟ್ಟಿಲ್ಲವೆಂದು ಮುಲ್ಲರ್ ಅವರು ಮೂರು ದಿನಗಳ ನಂತರ ಬಾರ್ ಅವರಿಗೆ ಲಿಖಿತವಾಗಿ ಆಕ್ಷೇಪಿಸಿದರು. ಆದರೆ ಮೂಲ ವರದಿ ಜನರ ಕಣ್ಣಿಗೆ ಬಿದ್ದದ್ದು ಸುಮಾರು ಮೂರೂವರೆ ವಾರಗಳ ಮೇಲೆ. ಅಷ್ಟರೊಳಗೆ ಎಲ್ಲರ ಅಭಿಪ್ರಾಯವೂ ಗಟ್ಟಿಯಾಗಿತ್ತು.

ನಮ್ಮ ಕಾನೂನಿನೊಂದಿಗೆ ಹೋಲಿಸುವುದಾದರೆ, ಸಂವಿಧಾನದ 361ನೇ ವಿಧಿಯ ರಕ್ಷಣೆ ಇರುವುದು ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ ಮಾತ್ರ. ಪ್ರಧಾನಿಗಾಗಲಿ ಮುಖ್ಯಮಂತ್ರಿಗಾಗಲಿ ಅದು ಇಲ್ಲ. ಮತ್ತೆ, ಇಲ್ಲಿ ಬಿ ರಿಪೋರ್ಟ್ ಹಾಕಿದರೂ ಕಥೆ ಮುಗಿಯುವುದಿಲ್ಲ, ದೂರುದಾರರು ಮ್ಯಾಜಿಸ್ಟ್ರೇಟರ ಮುಂದೆ ತಕರಾರು ಅರ್ಜಿ ಹಾಕಬಹುದು. ಮುಲ್ಲರ್ ವರದಿಗೆ ಅಂಥ ಮ್ಯಾಜಿಸ್ಟ್ರೇಟರಿರಲಿಲ್ಲ. ಇದ್ದುದು ಸಂಸತ್ತು ಮಾತ್ರ, ಅಲ್ಲಿ ಮತ ಎಣಿಸುವುದು ಪಕ್ಷದ ಲೆಕ್ಕದಲ್ಲಿ. 2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರು ಮೂರರ ಬಹುಮತದಿಂದ, ಅಧ್ಯಕ್ಷರ ಅಧಿಕೃತ ಕಾರ್ಯಗಳಿಗೆ ಅಧಿಕಾರ ಮುಗಿದ ಮೇಲೂ ವಿಸ್ತಾರವಾದ ರಕ್ಷಣೆಯುಂಟು ಎಂದು ಹೇಳಿದ ಮೇಲೆ ಈ ದಾರಿ ಇನ್ನಷ್ಟು ಇಕ್ಕಟ್ಟಾಗಿದೆ.

ಪ್ರಶ್ನೆ: ತಾವು ಟ್ರಂಪ್ ಅವರ ವಿರೋಧಿಗಳು ಹೇಳಿದ್ದನ್ನೇ ಬರೆಯುತ್ತೀರಿ. ಹಣ ಕೊಟ್ಟು ಬರೆಸಿದ ಸುಳ್ಳು ಕಡತವನ್ನು ಹಿಡಿದುಕೊಂಡು ಎಫ್‌ಬಿಐ ಬೇಹುಗಾರಿಕೆ ನಡೆಸಿದ್ದರ ಬಗ್ಗೆ ಒಂದಕ್ಷರವೂ ಇಲ್ಲವೇಕೆ? (ಉದ್ಯಮಿ, ಕಾರ್ಕಳ)

ಆಕ್ಷೇಪದಲ್ಲಿ ಹುರುಳಿದೆ, ಆದ್ದರಿಂದ ನೇರವಾಗಿಯೇ ಉತ್ತರಿಸುತ್ತೇನೆ. ಬ್ರಿಟನ್ನಿನ ಮಾಜಿ ಗುಪ್ತಚರ ಅಧಿಕಾರಿ ಕ್ರಿಸ್ಟೋಫರ್ ಸ್ಟೀಲ್ ಅವರು ಸಿದ್ಧಪಡಿಸಿದ, ಟ್ರಂಪ್ ಅವರಿಗೂ ರಷ್ಯಾಕ್ಕೂ ನಂಟಿದೆಯೆಂದು ಆರೋಪಿಸುವ ಆ ಕಡತಕ್ಕೆ ಹಣ ಬಂದದ್ದು, ವಕೀಲರ ಸಂಸ್ಥೆಯೊಂದರ ಮೂಲಕ, ಹಿಲರಿ ಅವರ ಪ್ರಚಾರ ಸಮಿತಿಯಿಂದ ಮತ್ತು ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯಿಂದ. ಆ ಖರ್ಚನ್ನು ಕಾನೂನು ಸಲಹೆಯ ಶುಲ್ಕವೆಂದು ತೋರಿಸಿದ್ದಕ್ಕಾಗಿ 2022ರಲ್ಲಿ ಅಲ್ಲಿನ ಚುನಾವಣಾ ಆಯೋಗದ ಮುಂದೆ ಎರಡೂ ಕಡೆಯವರು ಸೇರಿ 1,13,000 ಡಾಲರ್ ದಂಡ ಕಟ್ಟಲು ಒಪ್ಪಿದರು. ಕಡತದ ಮುಖ್ಯ ಆರೋಪಗಳು ದೃಢಪಡಲಿಲ್ಲ. ಆ ಕಾಲದಲ್ಲಿ ನಾನೂ ಅದನ್ನು ಅದರ ಯೋಗ್ಯತೆಗಿಂತ ಹೆಚ್ಚು ನಂಬಿ ಬರೆದಿದ್ದೆ. ಹಳೆಯ ಸಂಚಿಕೆಗಳನ್ನು ಕಟ್ಟಿಟ್ಟುಕೊಂಡ ಓದುಗರು ಆ ಪುಟ ತೆಗೆದು ತೋರಿಸಿದರೆ ನನ್ನಲ್ಲಿ ಸಮರ್ಥನೆಯಿಲ್ಲ.

ನ್ಯಾಯ ಇಲಾಖೆಯ ಆಂತರಿಕ ಪರಿಶೋಧಕ ಮೈಕಲ್ ಹೊರೊವಿಟ್ಜ್ ಅವರು 2019ರ ಡಿಸೆಂಬರ್ 9ರಂದು ಹೊರತಂದ ವರದಿಯಲ್ಲಿ, ಟ್ರಂಪ್ ತಂಡದ ಮಾಜಿ ಸಲಹೆಗಾರ ಕಾರ್ಟರ್ ಪೇಜ್ ಅವರ ಮೇಲೆ ನಿಗಾ ಇಡಲು ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಗಳಲ್ಲಿ 17 ಗಂಭೀರ ತಪ್ಪು ಮತ್ತು ಲೋಪಗಳನ್ನು ಪಟ್ಟಿ ಮಾಡಿದ್ದಾರೆ. ಆ ಅರ್ಜಿಗಳಿಗೆ ಸ್ಟೀಲ್ ಅವರ ಕಡತವೇ ಮುಖ್ಯ ಆಧಾರವಾಗಿತ್ತು. ಎಫ್‌ಬಿಐಯ ವಕೀಲ ಕೆವಿನ್ ಕ್ಲೈನ್‌ಸ್ಮಿತ್ ಅವರು ಆ ಅರ್ಜಿಗಳಿಗೆ ಸಂಬಂಧಿಸಿದ ಒಂದು ಇಮೇಲನ್ನು ತಿದ್ದಿದ್ದಾಗಿ 2020ರಲ್ಲಿ ತಪ್ಪೊಪ್ಪಿಕೊಂಡರು. ಒಬ್ಬ ಪ್ರಜೆಯ ಫೋನಿಗೆ ಕಿವಿಗೊಡಲು ನ್ಯಾಯಾಧೀಶರ ಮುಂದೆ ಅರೆಸತ್ಯ ಹೇಳುವುದು ಸಣ್ಣ ತಪ್ಪಲ್ಲ. ಆ ಪ್ರಜೆ ಯಾವ ಪಕ್ಷದವನಾದರೂ ಸರಿಯೇ.

ಆದರೆ ಈ ತಪ್ಪು ಎಲ್ಲಿಗೆ ತಾಗುತ್ತದೆ, ಎಲ್ಲಿಗೆ ತಾಗುವುದಿಲ್ಲ ಎಂಬುದನ್ನು ಪ್ರತ್ಯೇಕಿಸಬೇಕಾಗುತ್ತದೆ. ತನಿಖೆ ಆರಂಭವಾದದ್ದು 2016ರ ಜುಲೈ 31ರಂದು, ಟ್ರಂಪ್ ತಂಡದ ಇನ್ನೊಬ್ಬ ಸಲಹೆಗಾರ ಜಾರ್ಜ್ ಪಾಪಡೊಪೌಲೋಸ್ ಅವರು, ಹಿಲರಿ ಅವರಿಗೆ ತೊಂದರೆಯಾಗುವ ಮಾಹಿತಿಯನ್ನು ರಷ್ಯಾ ಹೊರಹಾಕಬಹುದೆಂಬಂತೆ ಆಡಿದ್ದ ಮಾತನ್ನು ಆಸ್ಟ್ರೇಲಿಯಾದ ರಾಜತಾಂತ್ರಿಕರು ತಿಳಿಸಿದ ಮೇಲೆ. ಸ್ಟೀಲ್ ಅವರ ಕಾಗದಗಳು ಎಫ್‌ಬಿಐಯ ತನಿಖಾ ತಂಡದ ಕೈ ಸೇರಿದ್ದು ಅದರ ನಂತರ. ಆರಂಭಿಸುವ ನಿರ್ಧಾರದ ಹಿಂದೆ ರಾಜಕೀಯ ಪಕ್ಷಪಾತವಿತ್ತೆಂಬುದಕ್ಕೆ ದಾಖಲೆಯಾಗಲಿ ಸಾಕ್ಷಿಯಾಗಲಿ ಸಿಕ್ಕಲಿಲ್ಲವೆಂದು ಅದೇ ಹೊರೊವಿಟ್ಜ್ ಅವರು ಹೇಳಿದ್ದಾರೆ. ಇದಕ್ಕೆ ಒಪ್ಪದವರು ಜಾನ್ ಡರ್ಹಾಮ್. ತನಿಖೆಯ ಮೇಲಿನ ತನಿಖೆಗಾಗಿ ಬಾರ್ ಅವರು ನೇಮಿಸಿದ ಈ ಅಧಿಕಾರಿ 2023ರ ಮೇ ತಿಂಗಳಲ್ಲಿ 300ಕ್ಕೂ ಹೆಚ್ಚು ಪುಟಗಳ ವರದಿ ಕೊಟ್ಟು, ಪರಿಶೀಲಿಸದ ಕಚ್ಚಾ ಮಾಹಿತಿಯ ಮೇಲೆ ಪೂರ್ಣ ಪ್ರಮಾಣದ ತನಿಖೆಯನ್ನು ತೆರೆಯಬಾರದಿತ್ತೆಂದು ಎಫ್‌ಬಿಐಯನ್ನು ಕಟುವಾಗಿ ಟೀಕಿಸಿದರು. ಅವರು ನ್ಯಾಯಾಲಯಕ್ಕೆ ಒಯ್ದು ವಿಚಾರಣೆ ನಡೆಸಿದ ಎರಡು ಮೊಕದ್ದಮೆಗಳಲ್ಲಿಯೂ ಆರೋಪಿಗಳು ಬಿಡುಗಡೆಯಾದರು. ಡರ್ಹಾಮ್ ಅವರ ಟೀಕೆಯಿಂದ ಜಿಆರ್‌ಯು ಇಮೇಲ್ ಕದ್ದದ್ದು ಸುಳ್ಳಾಗಲಿಲ್ಲ; ಜಿಆರ್‌ಯು ಕದ್ದದ್ದರಿಂದ ಕಾರ್ಟರ್ ಪೇಜ್ ಅವರಿಗಾದ ಅನ್ಯಾಯ ನ್ಯಾಯವೂ ಆಗಲಿಲ್ಲ.

ಎರಡೂ ಪಕ್ಷದವರು ಕೂತು ಬರೆದ ವರದಿ ಬೇಕೆನ್ನುವವರಿಗೆ ಅದೂ ಇದೆ. ಸೆನೆಟ್‌ನ ಗುಪ್ತಚರ ಸಮಿತಿ, ರಿಪಬ್ಲಿಕನ್ನರ ಅಧ್ಯಕ್ಷತೆಯಲ್ಲೇ, 2020ರ ಆಗಸ್ಟ್‌ನಲ್ಲಿ ತನ್ನ ಐದನೆಯ ಹಾಗೂ ಕೊನೆಯ ಸಂಪುಟವನ್ನು ಪ್ರಕಟಿಸಿತು. ಅದೊಂದೇ ಹತ್ತಿರ ಹತ್ತಿರ ಸಾವಿರ ಪುಟ. ಟ್ರಂಪ್ ಪ್ರಚಾರದ ಮುಖ್ಯಸ್ಥರಾಗಿದ್ದ ಪಾಲ್ ಮ್ಯಾನಫೋರ್ಟ್ ಅವರು ತಂಡದ ಒಳಮಾಹಿತಿಯನ್ನು ಕಾನ್‌ಸ್ಟಾಂಟಿನ್ ಕಿಲಿಮ್ನಿಕ್ ಎಂಬವರಿಗೆ ಕೊಟ್ಟಿದ್ದರೆಂದೂ, ಆ ವ್ಯಕ್ತಿ ರಷ್ಯಾದ ಗುಪ್ತಚರ ಅಧಿಕಾರಿಯೆಂದೂ ಆ ಸಮಿತಿ ಬರೆದಿದೆ. ಎಫ್‌ಬಿಐ ಸ್ಟೀಲ್ ಅವರ ಕಡತಕ್ಕೆ ಅನರ್ಹವಾದ ಬೆಲೆ ಕೊಟ್ಟಿತೆಂದೂ ಅದೇ ಸಂಪುಟದಲ್ಲಿದೆ. ಕಾರ್ಕಳದ ಮಹನೀಯರು ಅದನ್ನು ಓದಿದರೆ ಅರ್ಧ ಸಂತೋಷಪಡುತ್ತಾರೆ, ಅರ್ಧ ನನ್ನ ಮೇಲೆ ಪುನಃ ಸಿಟ್ಟಾಗುತ್ತಾರೆ.

ಪ್ರಶ್ನೆ: ರಷ್ಯನ್ನರು ಮತಗಳನ್ನು ಬದಲಾಯಿಸಿದರೇ? ಅವರಿಲ್ಲದಿದ್ದರೆ ಟ್ರಂಪ್ ಸೋಲುತ್ತಿದ್ದರೇ? (ಶಿಕ್ಷಕಿ, ಕುಂದಾಪುರ)

ಚಲಾವಣೆಯಾದ ಮತಗಳನ್ನು ತಿದ್ದಿದ್ದಕ್ಕೆ ಯಾವ ಪುರಾವೆಯೂ ಇಲ್ಲ. ಇಲಿನಾಯ್ ರಾಜ್ಯದ ಮತದಾರರ ಪಟ್ಟಿಯೊಳಗೆ ನುಗ್ಗಿದ್ದು ನಿಜ, ಮತಗಳ ಎಣಿಕೆಗೆ ಅವರ ಕೈ ತಲುಪಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಯಾರಲ್ಲಿಯೂ ಇಲ್ಲ, ಮುಲ್ಲರ್ ಅವರು ಅದನ್ನು ಅಳೆಯಲು ಹೊರಡಲೂ ಇಲ್ಲ. ದೇಶದಾದ್ಯಂತ ಹಿಲರಿ ಅವರಿಗೆ ಸುಮಾರು 29 ಲಕ್ಷ ಮತ ಹೆಚ್ಚು ಬಂದಿದ್ದರೂ, ಅಧ್ಯಕ್ಷರ ಆಯ್ಕೆ ರಾಜ್ಯವಾರು ಲೆಕ್ಕದಲ್ಲಿ ನಡೆಯುವುದರಿಂದ, ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಎಂಬ ಮೂರು ರಾಜ್ಯಗಳಲ್ಲಿ ಒಟ್ಟಾರೆ 78 ಸಾವಿರದಷ್ಟು ಮತಗಳ ಅಂತರ ಫಲಿತಾಂಶವನ್ನು ನಿರ್ಧರಿಸಿತು. ಇಷ್ಟು ಸಣ್ಣ ಅಂತರಕ್ಕೆ ಏನನ್ನು ಬೇಕಾದರೂ ಕಾರಣವೆಂದು ತೋರಿಸಬಹುದು: ಕದ್ದ ಇಮೇಲ್, ಮತದಾನಕ್ಕೆ ಮೊದಲು ಹಿಲರಿ ಅವರ ಬಗ್ಗೆ ಕೋಮಿ ಅವರು ಸಂಸತ್ತಿಗೆ ಬರೆದ ಪತ್ರ, ಕೊನೆಯ ವಾರಗಳಲ್ಲಿ ಹಿಲರಿ ಅವರು ವಿಸ್ಕಾನ್ಸಿನ್‌ಗೆ ಹೋಗದೇ ಇದ್ದದ್ದು. ಮತದಾರನ ಮನಸ್ಸಿನೊಳಗೆ ಯಾವುದು ಎಷ್ಟು ತೂಗಿತೆಂದು ಹೇಳುವ ತಕ್ಕಡಿ ಇಲ್ಲ.

ಪ್ರಶ್ನೆ: ಇಂಥದ್ದು ನಮ್ಮಲ್ಲಿ ನಡೆಯಬಹುದೇ? ಮತಯಂತ್ರಗಳನ್ನು ಹ್ಯಾಕ್ ಮಾಡಬಹುದೆಂಬ ವಿಡಿಯೊಗಳು ನಮ್ಮ ಹಾಸ್ಟೆಲ್ ಗುಂಪಿನಲ್ಲಿ ಓಡಾಡುತ್ತಿವೆ. (ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ)

ನಮ್ಮ ಮತಯಂತ್ರಕ್ಕೆ ಅಂತರ್ಜಾಲದ ಸಂಪರ್ಕವಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಅಷ್ಟು ಸಾಕೇ ಸಾಲದೇ ಎಂಬುದು ಬೇರೆ ಚರ್ಚೆ. 2016ರ ಹಸ್ತಕ್ಷೇಪಕ್ಕೆ ಮತಯಂತ್ರವೇ ಬೇಕಾಗಿರಲಿಲ್ಲ ಎಂಬುದನ್ನು ಮಾತ್ರ ತಾವು ಗಮನಿಸಬೇಕು.

ಪೊಡೆಸ್ಟಾ ಅವರಿಗೆ 2016ರ ಮಾರ್ಚ್‌ನಲ್ಲಿ ಗೂಗಲ್ ಕಳುಹಿಸಿದಂತೆ ಕಾಣುವ ಒಂದು ಎಚ್ಚರಿಕೆಯ ಇಮೇಲ್ ಬಂತು: ನಿಮ್ಮ ಗುಪ್ತಪದ ಯಾರಿಗೋ ತಿಳಿದಿದೆ, ಕೂಡಲೇ ಬದಲಾಯಿಸಿ. ಅದು ನಕಲಿ. ಕೊಂಡಿ ಒತ್ತಿ ಗುಪ್ತಪದ ಕೊಟ್ಟಲ್ಲಿಗೆ ಸಾವಿರಗಟ್ಟಲೆ ಪತ್ರಗಳು ರಷ್ಯಾದ ಪಾಲಾದವು. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಒಟಿಪಿ ಹೇಳಿ ಎಂದು ನಮ್ಮೂರಿನ ಹಿರಿಯರಿಗೆ ದಿನಾಲೂ ಬರುವ ಕರೆಗೂ ಇದಕ್ಕೂ ವಿದ್ಯೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಜಾಲತಾಣದ ಪ್ರಚಾರವೂ ಅಗ್ಗವೇ: ಫೇಸ್‌ಬುಕ್‌ನಲ್ಲಿ ಆ ರಷ್ಯನ್ ಸಂಸ್ಥೆ ಜಾಹೀರಾತಿಗೆ ಸುರಿದದ್ದು ಸುಮಾರು ಒಂದು ಲಕ್ಷ ಡಾಲರ್, ಅದರ ಬರಹಗಳು 12.6 ಕೋಟಿ ಮಂದಿಯವರೆಗೆ ತಲುಪಿರಬಹುದೆಂದು ಕಂಪನಿಯೇ ಅಂದಾಜು ಮಾಡಿತು. ಅಭ್ಯರ್ಥಿಗಳೂ ಪಕ್ಷಗಳೂ ವಿದೇಶಿ ದೇಣಿಗೆ ಪಡೆಯುವುದನ್ನು ನಮ್ಮ 2010ರ ಕಾಯ್ದೆ ನಿಷೇಧಿಸುತ್ತದೆ. ದೇಣಿಗೆಯ ರೂಪದಲ್ಲಿ ಬಾರದ, ಯಾರದ್ದೋ ಹೆಸರಿನಲ್ಲಿ ಹಾಸ್ಟೆಲ್ ಗುಂಪಿಗೆ ಬಂದು ಬೀಳುವ ವಿಡಿಯೊವನ್ನು ಆ ಕಾಯ್ದೆ ಹಿಡಿಯಲಾರದು. 2018ರಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಗೇ ದಾಟಿಸಲಾಗದಂತೆ ವಾಟ್ಸ್ಆ್ಯಪ್ ಮೊದಲು ಮಿತಿ ಹಾಕಿದ್ದು ಭಾರತದಲ್ಲೇ. ಕಾರಣ ತಮಗೆ ಗೊತ್ತಿದೆ.

ಪ್ರಶ್ನೆ: ತಾಳಮದ್ದಳೆಯಲ್ಲಿ ಇಂದು ಕೌರವನ ಪಕ್ಷ ವಹಿಸಿ ವಾದಿಸಿದ ಅರ್ಥಧಾರಿಯೇ ನಾಳೆ ಕೃಷ್ಣನಾಗಿ ಕೌರವನನ್ನು ಖಂಡಿಸುತ್ತಾರೆ. ಅಲ್ಲಿ ಅದು ಕಲೆ. ರಾಜಕೀಯದಲ್ಲಿಯೂ ಇದೇ ನಡೆಯುತ್ತಿದೆಯಲ್ಲ? (ನಿವೃತ್ತ ಅಂಚೆ ಉದ್ಯೋಗಿ, ಕಿನ್ನಿಗೋಳಿ)

ಒಂದು ವ್ಯತ್ಯಾಸವಿದೆ. ಅರ್ಥಧಾರಿಗೆ ತಾನು ಪಾತ್ರ ಬದಲಾಯಿಸಿದ್ದು ತಿಳಿದಿರುತ್ತದೆ, ಎದುರು ಕೂತವರಿಗೂ ತಿಳಿದಿರುತ್ತದೆ. ರಾಜಕೀಯದಲ್ಲಿ ಪಾತ್ರ ಬದಲಾದ ಮೇಲೂ ತಾನು ಮೊದಲಿನಿಂದ ಇದನ್ನೇ ಹೇಳುತ್ತ ಬಂದವನೆಂದು ಪ್ರತಿಯೊಬ್ಬರೂ ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಕೋಮಿ ಅವರ ಉದಾಹರಣೆಯನ್ನೇ ನೋಡಿ. 2016ರ ಅಕ್ಟೋಬರ್ 28ರಂದು, ಮತದಾನಕ್ಕೆ ಹನ್ನೊಂದೇ ದಿನವಿರುವಾಗ, ಹಿಲರಿ ಅವರು ವಿದೇಶಾಂಗ ಸಚಿವೆಯಾಗಿದ್ದಾಗ ಸರ್ಕಾರಿ ಕೆಲಸಕ್ಕೆ ಖಾಸಗಿ ಇಮೇಲ್ ಬಳಸಿದ ಪ್ರಕರಣದಲ್ಲಿ ಹೊಸ ಸಾಮಗ್ರಿ ಸಿಕ್ಕಿದೆಯೆಂದು ಅವರು ಸಂಸತ್ತಿಗೆ ಪತ್ರ ಬರೆದಾಗ, ಅವರದು ದಿಟ್ಟತನವೆಂದು ಟ್ರಂಪ್ ಹೊಗಳಿದರು, ಡೆಮಾಕ್ರಟರು ಕೆಂಡವಾದರು. ಆರೂವರೆ ತಿಂಗಳು ಕಳೆದು ಟ್ರಂಪ್ ಅವರು ಅದೇ ಕೋಮಿ ಅವರನ್ನು ತೆಗೆದಾಗ ಡೆಮಾಕ್ರಟರಿಗೆ ಅವರು ನ್ಯಾಯನಿಷ್ಠರಾಗಿ ಕಂಡರು. 2025ರ ಸೆಪ್ಟೆಂಬರಿನಲ್ಲಿ, ಟ್ರಂಪ್ ಅವರ ಎರಡನೆಯ ಅವಧಿಯಲ್ಲಿ, ಸಂಸತ್ತಿಗೆ ಸುಳ್ಳು ಹೇಳಿದರೆಂದು ಕೋಮಿ ಅವರ ಮೇಲೆಯೇ ದೋಷಾರೋಪವಾಯಿತು. ಅದನ್ನು ಹೊರಿಸಿದ ಅಭಿಯೋಜಕರ ನೇಮಕವೇ ಸಿಂಧುವಲ್ಲವೆಂದು ನ್ಯಾಯಾಧೀಶರು ನವೆಂಬರಿನಲ್ಲಿ ಪ್ರಕರಣವನ್ನು ವಜಾ ಮಾಡಿದರು. ಈ ಸಲ ‘ರಾಜಕೀಯ ದ್ವೇಷ’ ಎಂಬ ಶಬ್ದ ಡೆಮಾಕ್ರಟರ ಬಾಯಿಯಲ್ಲಿತ್ತು.

ಅಮೆರಿಕವನ್ನು ನೋಡಿ ನಗುವ ಮೊದಲು ಘಟ್ಟದ ಮೇಲಿನ ಚಿಕ್ಕಮಗಳೂರನ್ನು ನೆನಪಿಸಿಕೊಳ್ಳಬೇಕು. ಈಗ ಉಡುಪಿಯೊಂದಿಗೆ ಸೇರಿ ಅದು ಒಂದೇ ಲೋಕಸಭಾ ಕ್ಷೇತ್ರ. ಇಂದಿರಾ ಗಾಂಧಿಯವರ 1971ರ ರಾಯ್ ಬರೇಲಿ ಗೆಲುವನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್‌ಲಾಲ್ ಸಿನ್ಹಾ ಅವರು 1975ರ ಜೂನ್ 12ರಂದು ಅಸಿಂಧುವೆಂದು ಸಾರಿದರು. ತುರ್ತು ಪರಿಸ್ಥಿತಿ ಬಂತು. ಚುನಾವಣಾ ಕಾನೂನನ್ನೇ ಪೂರ್ವಾನ್ವಯವಾಗುವಂತೆ ತಿದ್ದಲಾಯಿತು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. 1977ರಲ್ಲಿ ಅವರು ಸೋತರು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಹೋದರೆ, ಡಿಸೆಂಬರ್ 19ರಂದು ಸದನ ಅವರನ್ನು ಉಚ್ಚಾಟಿಸಿ ಜೈಲಿಗೂ ಕಳುಹಿಸಿತು. ಆರೋಪ ಏನೆಂದು ನೋಡಿ: ಪ್ರಧಾನಿಯಾಗಿದ್ದಾಗ, ಮಾರುತಿ ಕಂಪನಿಯ ಬಗೆಗಿನ ಸಂಸತ್ ಪ್ರಶ್ನೆಯೊಂದಕ್ಕೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿ ಕಿರುಕುಳ ಕೊಟ್ಟದ್ದು. ಮುಲ್ಲರ್ ಅವರ ಎರಡನೆಯ ಸಂಪುಟದ ವಿಷಯಕ್ಕೆ ಇದು ಅಷ್ಟೇನೂ ದೂರವಲ್ಲ. 1981ರ ಮೇ 7ರಂದು, ಇಂದಿರಾ ಅವರ ಪಕ್ಷಕ್ಕೆ ಬಹುಮತವಿದ್ದ ಮುಂದಿನ ಲೋಕಸಭೆ, ಆ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು. ಎರಡು ನಿರ್ಣಯಗಳ ನಡುವೆ ಹೊಸ ಸಾಕ್ಷಿ ಯಾರೂ ಬಂದಿರಲಿಲ್ಲ.

ಪ್ರಶ್ನೆ: ಆ ತನಿಖೆಯಲ್ಲಿ ಶಿಕ್ಷೆಯಾದವರು ಈಗ ಎಲ್ಲಿದ್ದಾರೆ? (ಓದುಗರೊಬ್ಬರು, ಸುರತ್ಕಲ್)

ಜಿಆರ್‌ಯು ಅಧಿಕಾರಿಗಳು ರಷ್ಯಾದವರು. ಅಮೆರಿಕದ ನ್ಯಾಯಾಲಯದ ಮುಂದೆ ಬಂದಿಲ್ಲ. ಅಮೆರಿಕನ್ನರಲ್ಲಿ, ಟ್ರಂಪ್ ಅವರ ಮೊದಲ ರಾಷ್ಟ್ರೀಯ ಭದ್ರತಾ ಸಲಹೆಗಾರ ಮೈಕಲ್ ಫ್ಲಿನ್ ಅವರಿಗೆ 2020ರ ನವೆಂಬರಿನಲ್ಲಿ, ಪಾಪಡೊಪೌಲೋಸ್, ಮ್ಯಾನಫೋರ್ಟ್ ಮತ್ತು ಟ್ರಂಪ್ ಅವರ ಹಳೆಯ ರಾಜಕೀಯ ಸಲಹೆಗಾರ ರೋಜರ್ ಸ್ಟೋನ್ ಅವರಿಗೆ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅವರು ಕ್ಷಮಾದಾನ ನೀಡಿದರು. ಬ್ಯಾಂಕ್ ಮತ್ತು ತೆರಿಗೆ ವಂಚನೆ ಮೊದಲಾದ ಅಪರಾಧಗಳಿಗೆ ಏಳೂವರೆ ವರ್ಷ ಶಿಕ್ಷೆಯಾಗಿದ್ದ ಮ್ಯಾನಫೋರ್ಟ್ ಅವರು ಅದಕ್ಕೆ ಮೊದಲೇ, ಕೋವಿಡ್ ಕಾರಣಕ್ಕೆ, ಜೈಲಿನಿಂದ ಮನೆಗೆ ಬಂದಾಗಿತ್ತು. ಟ್ರಂಪ್ ಅವರು 2021ರ ಜನವರಿಯಲ್ಲಿ ಮೊದಲ ಅವಧಿ ಮುಗಿಸಿ ಇಳಿಯುವವರೆಗೆ ಹೊರಬಂದ ಕ್ಷಮಾದಾನದ ಪಟ್ಟಿಗಳಲ್ಲಿ ಅವರ ಹಳೆಯ ವಕೀಲ ಮೈಕಲ್ ಕೋಹೆನ್ ಅವರ ಹೆಸರಿರಲಿಲ್ಲ, ಮ್ಯಾನಫೋರ್ಟ್ ಅವರ ಸಹಾಯಕ ರಿಕ್ ಗೇಟ್ಸ್ ಅವರದ್ದೂ ಇರಲಿಲ್ಲ. ಇಬ್ಬರೂ ತಪ್ಪೊಪ್ಪಿಕೊಂಡು, ಮುಲ್ಲರ್ ಅವರ ಮುಂದೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರು.